ಎಡಗೈಯ ಕತ್ತರಿ

ಆ ಫಾರ್ಮು ತುಂಬಿದವಳು ಸೂಜಿ. ಮನೆಗೆ ಎಂಥ ಫಾರ್ಮು ಬಂದರೂ ಅದು ಸುತ್ತಿ ಸುಳಿದು ಅವಳ ಮುಂದೆಯೇ ಬಂದು ಬೀಳುತ್ತಿತ್ತು. ಡಿಗ್ರಿ ಮುಗಿಸಿದ್ದಳು, ಅಕ್ಷರ ದುಂಡಗಿತ್ತು, ಮೇಲಾಗಿ ಅದು ಬಾಯಿ ತೆರೆಯದೆ ಮಾಡಬಹುದಾದ ಕೆಲಸ. ತೆಳ್ಳಗೆ, ಸದ್ದಿಲ್ಲದೆ ಓಡಾಡುವ ಕಿರಿಮಗಳನ್ನು ಅಪ್ಪ ಚಿಕ್ಕಂದಿನಲ್ಲೇ ಸೂಜಿ ಎಂದು ಕರೆದಿದ್ದರು. ದರ್ಜಿಯ ಮನೆಯಲ್ಲಿ ಅದಕ್ಕಿಂತ ಮುದ್ದಿನ ಹೆಸರು ಇನ್ನೇನಿದ್ದೀತು?

ಆಸ್ಪತ್ರೆಯ ಫಾರ್ಮು ನಾಲ್ಕು ಪುಟದ್ದು. ವಯಸ್ಸು ಅರವತ್ತೆರಡು. ಸಕ್ಕರೆ ಕಾಯಿಲೆ ಇಲ್ಲ. ಸಿಗರೇಟು ಬಿಟ್ಟು ಹನ್ನೊಂದು ವರ್ಷ. ಮೂರನೆಯ ಪುಟದ ಕೆಳಗೆ, 'ಹೆಚ್ಚು ಬಳಸುವ ಕೈ: ಬಲ, ಎಡ' ಎಂದಿತ್ತು. ಅಪ್ಪ ಆಗಷ್ಟೇ ಮೊದಲ ಪುಟಕ್ಕೆ ಬಲಗೈಯಲ್ಲಿ ಸಹಿ ಹಾಕಿ ಪೆನ್ನನ್ನು ಅವಳಿಗೆ ಕೊಟ್ಟಿದ್ದರು. ಸೂಜಿ 'ಬಲ'ದ ಪಕ್ಕ ಗುರುತು ಹಾಕಿ ಪುಟ ತಿರುವಿದಳು. ಅಪ್ಪ ನೋಡುತ್ತಲೇ ಇದ್ದರು. 

ಅದಕ್ಕೆ ಒಂದು ವಾರ ಮೊದಲು ಸರ್ಜನ್ ಮೇಡಂ ಕಾಗದದ ಮೇಲೆ ಪೇರಳೆ ಹಣ್ಣಿನಂಥ ಒಂದು ಹೃದಯ ಬರೆದು, ಮೂರು ಕಡೆ ಅಡ್ಡಗೆರೆ ಎಳೆದು ತೋರಿಸಿದ್ದರು.

"ಮೂರು ಕಡೆ ಮುಚ್ಚಿಕೊಂಡಿದೆ. ರಕ್ತ ದಾಟಿಸೋದಕ್ಕೆ ಬೇರೆ ಮೂರು ನಾಳ ಬೇಕು. ಒಂದು ಎದೆಯ ಒಳಗಡೆಯಿಂದಾನೇ ತಗೋತೀವಿ. ಅದರಷ್ಟು ಬಾಳಿಕೆ ಬರೋದು ಇನ್ನೊಂದಿಲ್ಲ. ಹತ್ತು ವರ್ಷ ಬಿಟ್ಟು ನೋಡಿದರೂ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ತೆರೆದೇ ಇರುತ್ತೆ."

"ಉಳಿದೆರಡು?" ಎಂದು ಅಣ್ಣ ಕೇಳಿದ. ಅಣ್ಣ ಬಸ್ಸು ಓಡಿಸುವವನು. ಉತ್ತರ ಬೇಗ ಬೇಕು ಅವನಿಗೆ.

"ಕಾಲಿಂದ ತೆಗೀಬಹುದು. ಸುಲಭ, ಬೇಕಾದಷ್ಟು ಉದ್ದ ಸಿಗುತ್ತೆ. ಆದ್ರೆ ಅದು ಹತ್ತು ವರ್ಷಕ್ಕೆ ಹತ್ತರಲ್ಲಿ ಐದೋ ಆರೋ ಉಳಿದಿರುತ್ತೆ. ಕೆಲವು ಮೊದಲ ವರ್ಷಾನೇ ಮುಚ್ಚಿಹೋಗುತ್ತೆ. ಇಲ್ಲಾಂದ್ರೆ ಮುಂಗೈಯಿಂದ. ಅದು ಕಾಲಿನದಕ್ಕಿಂತ ಚೆನ್ನಾಗಿ ಬಾಳುತ್ತೆ, ಹತ್ತರಲ್ಲಿ ಎಂಟರ ಆಸುಪಾಸು ಅಂತಿಟ್ಕೊಳ್ಳಿ. ಬಳಸದ ಕೈಯಿಂದ ತೆಗೀತೀವಿ. ಕೆಲವರಿಗೆ ಹೆಬ್ಬೆರಳ ಬುಡ ಸ್ವಲ್ಪ ದಿನ ಜೋಮು ಹಿಡಿದ ಹಾಗಿರುತ್ತೆ, ಹಿಡಿತ ಸಡಿಲ ಆಗುತ್ತೆ. ಒಬ್ಬಿಬ್ಬರಿಗೆ ಅದು ಹಾಗೇ ಉಳಿಯೋದೂ ಉಂಟು. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡುವುದೆಂದರೆ ಆ ಮನೆಯಲ್ಲಿ ಮೇಜಿನ ಸುತ್ತ ಕೂತು ಕೂಗಾಡುವುದು. ಮೇಜು ಮೊದಲು ಹೊಲಿಗೆ ಅಂಗಡಿಯದು. ಏಳಡಿ ಉದ್ದ, ಅಂಚಿಗೆ ಹಿತ್ತಾಳೆಯ ಅಳತೆಪಟ್ಟಿ, ಮೈತುಂಬ ಕತ್ತರಿಯ ಕಚ್ಚು. ನಾಲ್ಕು ವರ್ಷದ ಹಿಂದೆ ಅಂಗಡಿ ಖಾಲಿ ಮಾಡುವಾಗ ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಕೊಟ್ಟುಬಿಟ್ಟರು. ಮೇಜನ್ನು ಮಾತ್ರ ಕೊಡಲಾಗದೆ ಮನೆಗೆ ತಂದರು. ಮುಂಬಾಗಿಲಲ್ಲಿ ಹಿಡಿಸದೆ ಕಿಟಕಿಯ ಚೌಕಟ್ಟು ಬಿಚ್ಚಿ ಒಳಗೆ ತೂರಿಸಿದ್ದು. ಅಂದಿನಿಂದ ಊಟ ಅದರ ಮೇಲೆ, ಅಣ್ಣನ ಮಗಳು ಪುಟ್ಟಿಯ ಹೋಂವರ್ಕ್ ಅದರ ಮೇಲೆ, ಜಗಳವೂ ಅದರ ಮೇಲೆಯೇ.

"ಕಾಲಿಂದ ತೆಗೆಸಿ ಮುಗಿಸಿ," ಎಂದ ಅಣ್ಣ, ಬ್ರೆಡ್ಡು ಹರಿಯುತ್ತ. "ರಸ್ತೆ ಅಗೆದಿದ್ದಾರೆ, ಡೈವರ್ಷನ್ ಬೇಕು. ಡೈವರ್ಷನ್ ರಸ್ತೆಗೆ ಡಾಂಬರು ಯಾವುದು ಅಂತ ಕೇಳ್ತಾರಾ?"

"ಕೇಳಬೇಕು," ಎಂದರು ದೊಡ್ಡಮ್ಮ. ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ಅಮ್ಮ ತೀರಿಕೊಂಡಾಗ ಸೂಜಿಗೆ ಮೂರು ವರ್ಷ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು ಇವರೇ. "ನಿಮ್ಮ ದೊಡ್ಡಪ್ಪಂಗೆ ಮೂರೂ ಕಾಲಿಂದಾನೇ ತೆಗೆದಿದ್ರು. ಏಳೇ ವರ್ಷ. ಕೊನೇಲಿ ನೋಡಿದಾಗ ಮೂರರಲ್ಲಿ ಎರಡು ಮುಚ್ಚಿಹೋಗಿತ್ತು. ನಾನು ಇನ್ನೊಂದು ಸಲ ಅದನ್ನ ನೋಡಲ್ಲಪ್ಪ."

"ಅದು ಹನ್ನೆರಡು ವರ್ಷದ ಹಿಂದಿನ ಮಾತು, ದೊಡ್ಡಮ್ಮ."

"ಕಾಲು ಹಳೇ ಕಾಲೇ ತಾನೆ?"

ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಅತ್ತಿಗೆ ಸೂಪು ಬಡಿಸುತ್ತ ಹೇಳಿದಳು: "ಕಾಲಿಂದ ತೆಗೆಸಿಕೊಂಡು ಹದಿನೈದು ವರ್ಷ ಗಟ್ಟಿಯಾಗಿ ಇರೋರು ನನ್ನ ಕೌಂಟರಿಗೆ ಬರ್ತಾರೆ. ಮಾತ್ರೆ ತಪ್ಪಿಸಬಾರದು ಅಷ್ಟೆ. ಮಾವ, ನೀವೇನಂತೀರಿ?"

ಅಪ್ಪ ಸೂಪಿನ ಒಂದು ಚಮಚ ಬಾಯಿಗಿಟ್ಟರು. "ಇದಕ್ಕೆ ಉಪ್ಪೇ ಇಲ್ಲ ಅಂತೀನಿ."

"ಇನ್ಮೇಲೆ ಇರೋದೂ ಇಲ್ಲ."

ಅಪ್ಪ ಚಮಚ ಕೆಳಗಿಟ್ಟು, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದರು: "ಕೋಟಿನ ಮೊಣಕೈ ಸವೆದ್ರೆ ಅಸ್ತರಿನ ಬಟ್ಟೆ ತೇಪೆ ಹಾಕ್ತಾರೇನು? ಅದು ತೆಳು. ನಾಲ್ಕು ಸಲ ಒಗೆದ್ರೆ ಹಿಂಜಿಹೋಗುತ್ತೆ. ಅದೇ ಕೋಟಿನ ಒಳಮಡಿಕೆಯಿಂದ ಒಂದು ತುಂಡು ತೆಗೆದು ಹಾಕಬೇಕು. ಅದಕ್ಕೇ ನಮ್ಮಣ್ಣ ಎಂಥ ಕಂಜೂಸ್ ಗಿರಾಕಿ ಬಂದ್ರೂ ಒಳಗೆ ಎರಡು ಇಂಚು ಮಡಿಕೆ ಬಿಡ್ತಿದ್ದ. ಕೈಯದೇ ತೆಗೀಲಿ. ಕಾಲಿನದು ಬೇಡ."

ಬಳಸದ ಕೈ ತಾನೆ, ನಷ್ಟವೇನು ಎಂದು ಎಲ್ಲರೂ ನಿರಾಳವಾದರು. ಆ ಕೈ ಯಾವುದೆಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಫಾರ್ಮು ಕೊಟ್ಟು ಬಂದ ನಾಲ್ಕನೆಯ ದಿನ. ಆಪರೇಷನ್ನಿಗೆ ಇನ್ನು ಐದು ದಿನ ಇತ್ತು. ಶಾಲೆಯಿಂದ ಬಂದ ಎಂಟು ವರ್ಷದ ಪುಟ್ಟಿ ಮೇಜಿನ ಮೇಲೆ ಬಣ್ಣದ ಕಾಗದ ಹರಡಿಕೊಂಡು ಕೂತಿದ್ದಳು. ಗೊಣಗಾಟ ಕೇಳಿ ಸೂಜಿ ತಿರುಗಿ ನೋಡಿದಳು.

"ತಾತನ ಕತ್ತರಿ ಕೆಟ್ಟುಹೋಗಿದೆ, ಅತ್ತೆ. ಕಾಗದ ಕತ್ತರಿಸೋದೇ ಇಲ್ಲ, ನುಂಗುತ್ತೆ."

"ಅದನ್ಯಾಕೆ ಮುಟ್ಟಿದೆ? ಕೆಟ್ಟಿಲ್ಲ ಕಣೇ. ಅದು ಎಡಗೈ..."

ಮಾತು ಅಲ್ಲಿಗೇ ನಿಂತಿತು. ಆಸ್ಪತ್ರೆಯ ಫಾರ್ಮಿನ ಮೂರನೆಯ ಪುಟ ಸೂಜಿಗೆ ನೆನಪಾಯಿತು.

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅಪ್ಪ ಹುಟ್ಟಾ ಎಡಗೈಯವರು. ಶಾಲೆಯ ಮೇಷ್ಟ್ರು ಆ ಕೈಯನ್ನು ಬೆಂಚಿಗೆ ಕಟ್ಟಿಹಾಕಿ ಬಲಗೈಯಲ್ಲಿ ಬರೆಸಿದರು. ಬರೆಯುವುದು, ಉಣ್ಣುವುದು, ಸೂಜಿದಾರ ಎಲ್ಲವೂ ಬಲಕ್ಕೆ ಬಂತು. ದೊಡ್ಡಪ್ಪನ ಅಂಗಡಿಗೆ ಕೆಲಸ ಕಲಿಯಲು ಸೇರಿದಾಗ ಕತ್ತರಿ ಮಾತ್ರ ಬಲಗೈಯ ಮಾತು ಕೇಳಲಿಲ್ಲ. ಮೂರು ಷರಟು ಕೆಡಿಸಿದ ಮೇಲೆ ದೊಡ್ಡಪ್ಪ ಸುಮ್ಮನೆ ಹೋಗಿ, ಕಮ್ಮಾರನ ಹತ್ತಿರ ಅಲಗು ಹಿಂದುಮುಂದಾಗಿ ಜೋಡಿಸಿದ ಕತ್ತರಿಯೊಂದನ್ನು ಮಾಡಿಸಿ ತಂದು ತಮ್ಮನ ಎಡಗೈಗೆ ಕೊಟ್ಟಿದ್ದರಂತೆ. "ಇಲ್ಲಿ ಮೇಷ್ಟ್ರು ಬರಲ್ಲ, ಕತ್ತರಿಸು" ಎಂದಿದ್ದರಂತೆ.

ಸೂಜಿಗೆ ಅಂಗಡಿಯೆಂದರೆ ನೆನಪಾಗುವುದು ಬೇರೊಂದು. ಶಾಲೆ ಬಿಟ್ಟವಳು ಅಲ್ಲಿಗೇ ಬಂದು, ಮೇಜಿನ ಕೆಳಗೆ ಚಿಂದಿಯ ರಾಶಿಯ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ಇಸ್ತ್ರಿಯಡಿಯಲ್ಲಿ ಒದ್ದೆ ಉಣ್ಣೆ ಬೆಚ್ಚಗಾಗುವ ವಾಸನೆ. ಸೀಮೆಸುಣ್ಣದ ಪುಡಿ ಬಿಸಿಲಲ್ಲಿ ತೇಲುವುದು. ಮೇಲೆ ಎರಡು ಕತ್ತರಿ, ಎದುರುಬದುರು. ದೊಡ್ಡಪ್ಪನದು ಬಲಗೈ, ಅಪ್ಪನದು ಎಡಗೈ. ಹಾಗಾಗಿ ಇಬ್ಬರ ಮೊಣಕೈಗಳೂ ಕಿಟಕಿಯ ಕಡೆಗೇ. ಬಟ್ಟೆ ಇನ್ನೊಂದು ಬದಿಗೆ ಅಡ್ಡಿಯಿಲ್ಲದೆ ಇಳಿಬೀಳುತ್ತಿತ್ತು. ಒಬ್ಬನೇ ಮನುಷ್ಯ ಕನ್ನಡಿಯ ಮುಂದೆ ನಿಂತು ಕೆಲಸ ಮಾಡುತ್ತಿರುವ ಹಾಗೆ. ದೊಡ್ಡಪ್ಪ ಸಿಳ್ಳೆ ಹಾಕುತ್ತಿದ್ದರು. ಕತ್ತರಿ ತಿರುವಿಗೆ ಬಂದಾಗ ಸಿಳ್ಳೆಯೂ ತಿರುಗುತ್ತಿತ್ತು. ದೊಡ್ಡಪ್ಪ ಹೋಗಿ ಐದು ವರ್ಷ. ಆಮೇಲೆ ಅಂಗಡಿ ಒಂದು ವರ್ಷವೂ ನಡೆಯಲಿಲ್ಲ. ಈಗ ಅಪ್ಪ ಮನೆಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಾರೆ, ಜಿಪ್ಪು ಬದಲಾಯಿಸುತ್ತಾರೆ. ದೊಡ್ಡ ಕತ್ತರಿ ಹೊರಗೆ ಬರುವುದೇ ಅಪರೂಪ.

ಸೂಜಿ ಕತ್ತರಿ ಎತ್ತಿಕೊಂಡು ಅಪ್ಪನ ಕೋಣೆಗೆ ಹೋದಳು. ಅಪ್ಪ ಕಿಟಕಿಯ ಪಕ್ಕ ಒರಗಿಕೊಂಡು ಬೀದಿಯಲ್ಲಿ ಹೋಗುವವರ ಅಂಗಿಗಳನ್ನು ನೋಡುತ್ತಿದ್ದರು.

"ಅಪ್ಪ, ಫಾರ್ಮಿನಲ್ಲಿ ನಾನು ಬಲಗೈ ಅಂತ ಬರೆದಿದ್ದೀನಿ."

"ನೋಡಿದೆ."

"ನೋಡಿ ಸುಮ್ನಿದ್ರಾ?"

"ಬಾಗಿಲು ಹಾಕು."

ಹಾಕಿದಳು.

"ಈಗ ಆ ಡಾಕ್ಟರಮ್ಮಂಗೆ ಏನಂತ ಹೇಳ್ತೀಯ? ಬಲಗೈಲಿ ಬರೀತಾರೆ, ಉಣ್ತಾರೆ. ಎಡಗೈಲಿ ಕತ್ತರಿಸ್ತಾರೆ ಅಂತ. ಅವರೇನಂತಾರೆ? ಹಾಗಾದ್ರೆ ಎರಡೂ ಬೇಕಾದ ಕೈ, ಕಾಲಿಂದಾನೇ ತೆಗೆಯೋಣ ಅಂತಾರೆ. ನಮ್ಮಣ್ಣಂಗೆ ಸಿಕ್ಕಿದ್ದು ಏಳು ವರ್ಷ. ಏಳು ವರ್ಷಕ್ಕೆ ನಿನಗೆಷ್ಟಾಗುತ್ತೆ?"

"ಇಪ್ಪತ್ತೊಂಬತ್ತು."

"ಪುಟ್ಟಿಗೆ ಹದಿನೈದು. ಸಾಲದು ಕಣೇ. ಈಗೇನು ನಾನು ದಿನಾ ಕೋಟು ಕತ್ತರಿಸ್ತಿದ್ದೀನಾ? ಹೋದ್ರೆ ಹೋಗಲಿ ಆ ಕೈ."

"ಮತ್ತೆ ಆ ನೀಲಿ ಬಟ್ಟೆ?"

ಅಪ್ಪ ಮತ್ತೆ ಕಿಟಕಿಯ ಕಡೆ ತಿರುಗಿದರು. ಟ್ರಂಕಿನ ತಳದಲ್ಲಿ ಮೂರು ಗಜ ಕಡುನೀಲಿ ಉಣ್ಣೆ ಬಟ್ಟೆಯಿತ್ತು. ದೊಡ್ಡಪ್ಪ ಯಾವುದೋ ಥಾನಿನಿಂದ ಎತ್ತಿಟ್ಟದ್ದು. ಇಬ್ಬರೂ ಕೂಡಿ ಒಂದು ಒಳ್ಳೆಯ ಕೋಟು ಮಾಡೋಣ ಎಂದಿದ್ದರು. ಯಾರಿಗೆಂದು ಹೇಳುವ ಮೊದಲೇ ದೊಡ್ಡಪ್ಪ ಹೋಗಿಬಿಟ್ಟರು. ವರ್ಷಕ್ಕೊಮ್ಮೆ ಅಪ್ಪ ಅದನ್ನು ಬಿಸಿಲಿಗೆ ಹಾಕುತ್ತಾರೆ, ಸವರುತ್ತಾರೆ, ಮತ್ತೆ ಮಡಿಸಿಡುತ್ತಾರೆ.

"ನೀನು ಯಾರಿಗೂ ಹೇಳಬೇಡ," ಎಂದರು ಕೊನೆಗೆ. "ನಿನಗೆ ಮಾತಾಡದೇ ಇರೋದು ಹೇಳಿಕೊಡಬೇಕಾಗಿಲ್ಲವಲ್ಲ."

ಎರಡು ದಿನ ಸೂಜಿ ಯಾರಿಗೂ ಹೇಳಲಿಲ್ಲ. ಸಂತೆಚೀಲ ಹಿಡಿದು ಹೋಗಿ ಕೊತ್ತಂಬರಿ ಮರೆತು ಬಂದಳು. ಬಟ್ಟೆ ಒಣಹಾಕುತ್ತ ಅಪ್ಪನ ಅಂಗಿಯ ಎಡತೋಳನ್ನೇ ನೋಡುತ್ತ ನಿಂತಳು. ಅದಲ್ಲದೆ ಅವಳನ್ನು ಇನ್ನೊಂದು ಕಾಡುತ್ತಿತ್ತು: ಗುರುತು ಹಾಕಿದ ಕೈ ಅವಳದು. ನಾಳೆ ಅಪ್ಪ ಕತ್ತರಿ ಹಿಡಿಯಲಾಗದೆ ಕೂತರೆ, ಆ ಪುಟ್ಟ ಗೆರೆ ಎಳೆದವಳು ತಾನೇ. ಅಪ್ಪ ಹೇಳಿದ್ದೂ ಸುಳ್ಳಲ್ಲ. ಅವರಿಗೆ ವರ್ಷಗಳು ಬೇಕು. ಅವಳಿಗೂ ಬೇಕು. ಬಾಯಿ ತೆರೆದರೆ ವರ್ಷ ಹೋದೀತು, ಮುಚ್ಚಿಕೊಂಡಿದ್ದರೆ ಕೈ ಹೋದೀತು.

ಮೂರನೆಯ ದಿನ ಮಧ್ಯಾಹ್ನದ ಊಟ. ಭಾನುವಾರ, ಎಲ್ಲರೂ ಇದ್ದರು. ಬೇಯಿಸಿದ ಹುರುಳಿಕಾಯಿ, ಆಲೂಗಡ್ಡೆ, ಉಪ್ಪಿಲ್ಲದ ಅನ್ನ. ಅಣ್ಣ ತನ್ನ ತಟ್ಟೆಗೆ ಕದ್ದು ಉಪ್ಪು ಹಾಕಿಕೊಂಡ. ಅಪ್ಪ ಅದನ್ನು ಕಂಡರು.

"ಇಲ್ಲಿ ಕೊಡೋ ಅದನ್ನ."

"ಆಗಲ್ಲ."

"ನಾನು ನಿಮ್ಮಪ್ಪ ಕಣೋ."

"ಅದಕ್ಕೇ ಆಗಲ್ಲ."

ಪುಟ್ಟಿ ನಕ್ಕಳು. ಆ ನಗುವಿನ ನಡುವೆಯೇ ಸೂಜಿ ತಟ್ಟೆ ನೋಡುತ್ತ ಅಂದಳು: "ಅಪ್ಪ ಎಡಗೈಲಿ ಕತ್ತರಿಸ್ತಾರೆ."

"ಏನಂದೆ?" ಎಂದ ಅಣ್ಣ.

"ಅಪ್ಪ ಕತ್ತರಿ ಹಿಡಿಯೋದು ಎಡಗೈಲಿ. ನಾನು ಫಾರ್ಮಿನಲ್ಲಿ ಬಲಗೈ ಅಂತ ಗುರುತು ಹಾಕಿದ್ದೀನಿ. ಅವರು ಎಡಗೈಯಿಂದ ತೆಗೀತಾರೆ." ಇಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು.

ಅತ್ತಿಗೆ ಸೌಟು ಹಿಡಿದು ಹಾಗೆಯೇ ನಿಂತಳು. "ಅಯ್ಯೋ ದೇವರೇ. ಇಷ್ಟು ಜನ ಈ ಮೇಜಿಗೇ ಕೂತು ಮೂರು ಹೊತ್ತು ತಿಂತೀವಿ. ಒಬ್ಬರಿಗಾದ್ರೂ ಹೊಳೀಬಾರದಾ?"

"ಬಳಸದ ಕೈ ಅಂದ್ರೆ ನಾನು ಬಲಗೈ ಅಂತಲೇ ಅಂದುಕೊಂಡಿದ್ದೆ!" ಎಂದರು ದೊಡ್ಡಮ್ಮ. "ಅವನ ಬಲಗೈ ಏನು ದುಡಿದಿದೆ? ದುಡಿದದ್ದೆಲ್ಲ ಎಡಗೈಯೇ."

"ನಾನು ಎಡಗೈ ಅಂದುಕೊಂಡಿದ್ದೆ," ಎಂದ ಅಣ್ಣ ಪೆಚ್ಚಾಗಿ. ಆಮೇಲೆ ಅಪ್ಪನ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಲ್ಲ? ನಿಮ್ಮ ಕೈ ನಿಮಗೇ ಗೊತ್ತಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ನನ್ನ ಕೈ, ನನ್ನಿಷ್ಟ," ಎಂದು ಅಪ್ಪ ತಟ್ಟೆ ದೂಡಿದರು. ಸೂಜಿಯನ್ನು ನೋಡಿ, "ನಿನ್ನೊಬ್ಬಳನ್ನ ನಂಬಿದ್ದೆ," ಎಂದರು. ಅವಳು ಹುರುಳಿಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಅವಳನ್ನ ಯಾಕೆ ಅಂತೀಯ?" ದೊಡ್ಡಮ್ಮ ಎದ್ದು ನಿಂತರು. ಅವರು ಎದ್ದು ನಿಂತು ಮಾತಾಡುವುದು ಕಡಿಮೆ. "ಏಳು ವರ್ಷ ಅಂತ ನಾನೇ ದಿನಾ ಹೇಳ್ಕೊಂಡು ತಿರುಗಿದೆ, ಅದು ನಿನ್ನ ತಲೆಗೆ ಹೊಕ್ಕಿತು. ಆದ್ರೆ ಆ ಏಳು ವರ್ಷ ಅವರು ಹೇಗಿದ್ರು ಅಂತ ಹೇಳಲಿಲ್ಲ ನೋಡು, ಅದು ನನ್ನ ತಪ್ಪು. ಆಪರೇಷನ್ ಆಗಿ ಮೂರು ತಿಂಗಳಿಗೇ ನಿನ್ನೆದುರು ನಿಂತು ಸಿಳ್ಳೆ ಹಾಕ್ತಾ ಕತ್ತರಿಸಿದ್ರು. ಕೊನೇ ವಾರದ ತನಕ ಕತ್ತರಿಸಿದ್ರು. ನೀನು ಇಪ್ಪತ್ತು ವರ್ಷ ಆ ಕಿಟಕೀಲಿ ಕೂತು ಬೇರೆಯವರ ಅಂಗಿ ನೋಡ್ತೀಯಾ? ಆ ಕತ್ತರಿ ಮಾಡಿಸೋಕೆ ಅವರು ಮೂರು ದಿನ ಕಮ್ಮಾರನ ಕುಲುಮೆ ಮುಂದೆ ಕೂತಿದ್ರು, ನಿನಗೆ ಗೊತ್ತಾ?"

ಅಪ್ಪನಿಗೆ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಅತ್ತಿಗೆ ದೂಡಿದ ತಟ್ಟೆಯನ್ನು ಮತ್ತೆ ಅಪ್ಪನ ಮುಂದೆ ಎಳೆದಿಟ್ಟಳು. "ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳೋಣ, ಮಾವ. ಅವರೇನು ಮಾಡ್ತಾರೆ ಅಂತ ನೀವೇ ಯಾಕೆ ತೀರ್ಮಾನ ಮಾಡ್ತೀರಿ? ನಾಳೆ ನಾನು ರಜೆ ಹಾಕ್ತೀನಿ."

ಮರುದಿನ ಸರ್ಜನ್ ಮೇಡಂ ಇಡೀ ಕಥೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಗರೇಟು ಸೇದಲ್ಲ ಅಂತ ಸುಳ್ಳು ಹೇಳೋರನ್ನ ದಿನಾ ನೋಡ್ತೀನಿ. ತನ್ನ ಕೈ ತಾನೇ ಕಳ್ಕೊಳ್ಳೋಕೆ ಸುಳ್ಳು ಹೇಳೋರನ್ನ ಇವತ್ತೇ ನೋಡಿದ್ದು."

"ಸುಳ್ಳು ಹೇಳಲಿಲ್ಲ ಮೇಡಂ. ಸುಮ್ನಿದ್ದೆ."

"ಬಲಗೈ ಕೊಡಿ. ಮುಷ್ಟಿ ಕಟ್ಟಿ, ಗಟ್ಟಿಯಾಗಿ." ಅವರು ಮಣಿಕಟ್ಟಿನ ಎರಡೂ ಬದಿಯ ನಾಡಿಗಳನ್ನು ಎರಡು ಹೆಬ್ಬೆರಳಿಂದ ಒತ್ತಿ ಹಿಡಿದರು. "ಈಗ ಬಿಡಿಸಿ."

ಅಂಗೈ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕಿರುಬೆರಳಿನ ಬದಿ ಒತ್ತಿದ್ದ ಹೆಬ್ಬೆರಳನ್ನು ಮಾತ್ರ ಅವರು ಸಡಿಲಿಸಿದರು. ಸೂಜಿ ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಅಂಗೈಯ ತುಂಬ ಬಣ್ಣ ಹರಿದು ಬಂತು.

"ಒಂದೇ ನಾಳದಲ್ಲಿ ಇಡೀ ಕೈ ಬದುಕುತ್ತೆ. ಸ್ಕ್ಯಾನಿಂಗೂ ಮಾಡಿ ನೋಡ್ತೀವಿ. ಬರೆಯೋ ಕೆಲಸ ಎಷ್ಟಿದೆ ನಿಮಗೆ?"

"ಗಿರಾಕಿಯ ಅಳತೆ ಬರ್ಕೊಳ್ಳೋದು. ಸಹಿ."

"ಅಳತೆ ನಾನು ಬರೀತೀನಿ," ಎಂದಳು ಸೂಜಿ. ಮೇಡಂ ಅವಳ ಕಡೆ ನೋಡಿದರು, ಈ ಹುಡುಗಿ ಇಲ್ಲೇ ಇದ್ದಳೇ ಎಂಬಂತೆ.

"ಸರಿ ಹಾಗಾದ್ರೆ. ಎದೆಯದು ಒಂದು. ಬಲಗೈಯದು, ತೀರಾ ಮುಚ್ಚಿಹೋಗಿರೋ ಕಡೆಗೆ. ಅರ್ಧಂಬರ್ಧ ಮುಚ್ಚಿರೋ ಕಡೆ ಅದನ್ನ ಹಾಕಿದ್ರೆ, ಕೆಲಸ ಸಾಲದೆ ಅದು ಸುರುಟಿಕೊಳ್ಳುತ್ತೆ. ಅಲ್ಲಿಗೆ ಕಾಲಿಂದಾನೇ ಒಂದು ತುಂಡು ತೆಗೀತೀನಿ. ಮೂರೂ ಒಂದೇ ಸಮ ಬಾಳುತ್ತೆ ಅಂತ ನಾನು ಬರೆದುಕೊಡಲ್ಲ."

ಅಪ್ಪ ಬಲ ಮಣಿಕಟ್ಟು ಉಜ್ಜಿಕೊಳ್ಳುತ್ತ ಯೋಚಿಸಿದರು. "ಅಸ್ತರೂ ಒಂಚೂರು ಇರಲಿ ಬಿಡಿ. ಅಸ್ತರಿಲ್ಲದ ಕೋಟು ಉಂಟೇ?"

ಆಪರೇಷನ್ ಐದು ಗಂಟೆ ಹಿಡಿಯಿತು. ಅಣ್ಣ ಕಾರಿಡಾರಿನ ಉದ್ದಕ್ಕೂ ಒಂದು ರೂಟಿನ ಬಸ್ಸಿನಂತೆ ಹೋಗಿ ಬಂದ. ದೊಡ್ಡಮ್ಮ ಕೂತಲ್ಲೇ ಒಂದು ಸ್ವೆಟರಿನ ತೋಳು ಹೆಣೆದು, ಅಳತೆ ತಪ್ಪಿ, ಪೂರ್ತಿ ಬಿಚ್ಚಿದರು. ಒಂಬತ್ತನೆಯ ದಿನ ಅಪ್ಪ ಮನೆಗೆ ಬಂದರು. ಎದೆಯ ಮೇಲೊಂದು ಗೆರೆ, ಮುಂಗೈ ಮೇಲೊಂದು, ಕಾಲಿನ ಮೇಲೊಂದು. ಹೊಲಿಗೆ ನೋಡಿ ಅಪ್ಪ ಮೆಚ್ಚಿದರು. ಕಾಲಿನದು ಮಾತ್ರ ಯಾರೋ ಕಲಿಯುವವರು ಹಾಕಿದ್ದು ಎಂದು ಹಟ ಹಿಡಿದರು.

ಸೂಜಿಯ ಹತ್ತಿರ ಮಾತು ಕಡಿಮೆಯೇ ಇತ್ತು. ಅವಳು ಮಾತ್ರೆ ಕೊಡುವಳು, ಅವರು ನುಂಗುವರು. ಬಲಗೈಯ ಹೆಬ್ಬೆರಳು ಮರಗಟ್ಟಿತ್ತು. ಚಮಚ ಹಿಡಿದರೆ ಅರ್ಧದಾರಿಯಲ್ಲಿ ಜಾರಿ ಸೂಪು ಅಂಗಿಯ ಮೇಲೆ. ಮೂರನೆಯ ಅಂಗಿ ಕೊಳೆಯಾದ ದಿನ ಅಪ್ಪ ಸುತ್ತ ನೋಡಿ, ಮೆಲ್ಲನೆ ಚಮಚವನ್ನು ಎಡಗೈಗೆ ದಾಟಿಸಿದರು. ಶಾಲೆಯ ಬೆಂಚು ಬಿಟ್ಟ ಮೇಲೆ ಮೊದಲ ಸಲ. ಉಳಿದವರು ನೋಡದವರಂತೆ ತಿಂದರು. ಮರುದಿನ ದೊಡ್ಡಮ್ಮ ನೀರಿನ ಲೋಟವನ್ನು ತಟ್ಟೆಯ ಎಡಬದಿಗೆ ಇಟ್ಟರು.

ಆರನೆಯ ವಾರ ತಪಾಸಣೆಗೆ ಹೋದರು, ಅಪ್ಪ ಮತ್ತು ಸೂಜಿ. ಎದೆಯ ಮೂಳೆ ಕೂಡಿಕೊಂಡಿದೆ, ಹೆಬ್ಬೆರಳಿಗೆ ಇನ್ನೂ ಸಮಯ ಬೇಕು, ಕತ್ತರಿ ಹಿಡಿಯಬಹುದು ಎಂದರು ಮೇಡಂ. ಮುಂದಿನ ತಪಾಸಣೆಗೆ ಹೆಸರು ಬರೆಸಲು ಹೊರಗೆ ಕೌಂಟರಿನಲ್ಲಿ ಉದ್ದ ಸಾಲು. ಅಪ್ಪ ಸಾಲಿನಲ್ಲಿ ನಿಂತಷ್ಟು ಹೊತ್ತೂ ಮುಂದಿನವನ ಕೋಟಿನ ಬೆನ್ನನ್ನೇ ನೋಡಿದರು.

"ಭುಜ ಎಳೀತಿದೆ. ಕತ್ತರಿಸಿದವನಿಗೆ ಅವಸರ," ಎಂದರು ಪಿಸುಮಾತಿನಲ್ಲಿ. ಆಮೇಲೆ, ಅವಳ ಕಡೆ ನೋಡದೆಯೇ, "ನಿನ್ನ ಭುಜ ಎಷ್ಟಿಂಚು?"

"ಗೊತ್ತಿಲ್ಲ."

"ಮನೆಗೆ ಹೋದ ಮೇಲೆ ತೆಗೆಯೋಣ. ಟ್ರಂಕಿನಿಂದ ಆ ನೀಲಿ ಬಟ್ಟೆ ಹೊರಗೆ ತೆಗೆದಿಡು. ಅಳತೆ ನೀನೇ ಬರ್ಕೋ. ಬರೀತೀನಿ ಅಂತ ಡಾಕ್ಟರ ಮುಂದೆ ಒಪ್ಕೊಂಡಿದ್ದೀಯ."

ಅವರ ಸರದಿ ಬಂತು. ಕೌಂಟರಿನ ಗುಮಾಸ್ತೆ ಅದೇ ನಾಲ್ಕು ಪುಟದ ಹೊಸ ಫಾರ್ಮೊಂದನ್ನು ನೇರ ಸೂಜಿಯ ಕಡೆಗೆ ಸರಿಸಿದಳು. ಸೂಜಿ ಪೆನ್ನು ತೆಗೆದಳು. ಅಪ್ಪ ಕೈ ಚಾಚಿ ಅದನ್ನು ಇಸಿದುಕೊಂಡರು. ಎಡಗೈಯಲ್ಲಿ.

ಫಾರ್ಮನ್ನು ಓರೆಯಾಗಿ ತಿರುಗಿಸಿಕೊಂಡರು. ಮೂರನೆಯ ಪುಟ ಹುಡುಕಿದರು. 'ಎಡ'ದ ಪಕ್ಕ ಗುರುತು ಹಾಕಿದರು. ಆಮೇಲೆ ಕೆಳಗೆ, ನಾಲಿಗೆ ತುದಿ ಕಚ್ಚಿಕೊಂಡು, ಹೆಸರು ಬರೆಯತೊಡಗಿದರು. ಮೊದಲ ಅಕ್ಷರದ ತಲೆಕಟ್ಟು ದೊಡ್ಡದಾಯಿತು. ಎರಡನೆಯದು ಗೆರೆ ಬಿಟ್ಟು ಮೇಲೇರಿತು. ಗುಮಾಸ್ತೆ ಬೆರಳಿಂದ ಕೌಂಟರ್ ತಟ್ಟಿದಳು. ಹಿಂದಿನಿಂದ ಯಾರೋ, "ಏನಮ್ಮಾ, ನೀನೇ ಬರೆದುಕೊಡಬಾರದಾ? ಎಷ್ಟು ಹೊತ್ತು?" ಎಂದರು.

ಸೂಜಿ ತಿರುಗಿದಳು. ಇಡೀ ಸಾಲು ಅವಳನ್ನೇ ನೋಡುತ್ತಿತ್ತು.

"ಸ್ವಲ್ಪ ತಡೀರಿ," ಎಂದಳು, ಕೊನೆಯಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ. "ಬರೀತಿದ್ದಾರೆ."